ಒಂದು ಕೈಯಲ್ಲಿ ಕೆಲಸ ಮಾಡುವವರಿಗೆ ಒಗ್ಗುವ ಸಹಾಯಕ ಹುದ್ದೆ ಹುಡುಕುವುದು ಹೇಗೆ

ಒಂದು ಕೈಯಲ್ಲಿ ಮಾಡಬಹುದಾದ ಕೆಲಸ ಯಾವುದಿದೆ ಎಂದು ಯಾರನ್ನಾದರೂ ಕೇಳಿ, ಬಹುತೇಕ ಒಂದೇ ಉತ್ತರ ಬರುತ್ತದೆ: ಡೇಟಾ ಎಂಟ್ರಿ ಮಾಡಿ, ಇಲ್ಲ ಫೋನ್ ಹತ್ತಿರ ಕೂರಿ. ಹುದ್ದೆಯ ಹೆಸರು ನೋಡಿ ಹೇಳುವ ಉತ್ತರ ಇದು. ಅದೇ ಹೆಸರಿನ ಎರಡು ಹುದ್ದೆಗಳಲ್ಲಿ ಒಂದು ಸಲೀಸಾಗಿ ನಡೆಯಬಹುದು, ಇನ್ನೊಂದು ಮೊದಲ ವಾರವೇ ಸಾಕುಮಾಡಬಹುದು. ಕೇಳಬೇಕಾದದ್ದು ಬೇರೆ: ಈ ಕೆಲಸದಲ್ಲಿ ದಿನಕ್ಕೆ ಎಷ್ಟು ಸಲ ಎರಡು ಕೈ ಒಟ್ಟಿಗೆ ಬೇಕಾಗುತ್ತದೆ? ಅದರಲ್ಲಿ ಎಷ್ಟನ್ನು ಸಲಕರಣೆಯಿಂದ ನಿಭಾಯಿಸಬಹುದು, ಎಷ್ಟನ್ನು ಪಕ್ಕದ ಮೇಜಿನವರ ಜತೆ ಅದಲುಬದಲು ಮಾಡಿಕೊಳ್ಳಬಹುದು? ಉಳಿದದ್ದು ಸೊನ್ನೆಯ ಹತ್ತಿರ ಬಂದರೆ ಹುದ್ದೆ ಒಗ್ಗುತ್ತದೆ.

ಲೆಕ್ಕ ಹಾಕುವ ಮೊದಲು ನಿಮ್ಮ ಇನ್ನೊಂದು ಕೈ ಏನೇನು ಮಾಡಬಲ್ಲದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಮೊಣಕೈ ಕೆಳಗೆ ತುಂಡಾಗಿದ್ದರೆ ಉಳಿದ ಭಾಗದಿಂದ ಕಾಗದ ಅದುಮಿ ಹಿಡಿಯಬಹುದು, ಕಡತವನ್ನು ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಬೈಕ್ ಅಪಘಾತದಲ್ಲಿ ಭುಜದ ನರಜಾಲ ಹರಿದವರ ಕೈ ಇದ್ದೂ ಭಾರವಾಗಿ ಜೋತುಬಿದ್ದಿರುತ್ತದೆ, ನೋವೂ ಇರುತ್ತದೆ. ಅವರಿಗೆ ಕೈಯನ್ನು ಊರಿಡಲು ಮೇಜಿನ ಎತ್ತರವೇ ಮುಖ್ಯ. ಪಾರ್ಶ್ವವಾಯು ಆದವರಲ್ಲಿ ಕೈಯ ಜತೆ ಕಾಲೂ ಬಲಹೀನ, ದಣಿವು ಬೇಗ, ಕೆಲವರಿಗೆ ಮಾತೂ ತಡವರಿಸುತ್ತದೆ. ಹಾಗಾಗಿ ಫೋನ್ ಕೆಲಸ ಅವರಿಗೆ ಸುಲಭ ಎಂದು ಮೊದಲೇ ತೀರ್ಮಾನಿಸಬಾರದು. ಚಿಕ್ಕಂದಿನಿಂದಲೇ ಒಂದು ಕೈಯಲ್ಲಿ ಬೆಳೆದವರು ಹಲ್ಲು, ಮೊಣಕಾಲು, ಗಲ್ಲ ಎಲ್ಲವನ್ನೂ ಬಳಸಿ ಕೆಲಸ ಮುಗಿಸುತ್ತಾರೆ. ಇತ್ತೀಚೆಗೆ ಬಲಗೈ ಕಳೆದುಕೊಂಡವರಿಗೆ ಎಡಗೈಯಲ್ಲಿ ಓದಲು ಬರುವಂತೆ ಬರೆಯುವುದಕ್ಕೇ ಹಲವು ತಿಂಗಳ ಅಭ್ಯಾಸ ಬೇಕು.

ಒಂದು ದಿನದ ಪಟ್ಟಿ

ಹುದ್ದೆಯ ಬಗ್ಗೆ ವಿಚಾರಿಸುವಾಗ, ಆ ಕುರ್ಚಿಯಲ್ಲಿ ಈಗ ಕೂತಿರುವವರ ಹತ್ತಿರ ಅರ್ಧ ಗಂಟೆ ಮಾತಾಡಿ, ಬೆಳಿಗ್ಗೆಯಿಂದ ಸಂಜೆವರೆಗಿನ ಕೆಲಸವನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ತಾಲ್ಲೂಕು ಕಚೇರಿಯ ಟಪಾಲು ಶಾಖೆಯನ್ನೇ ತೆಗೆದುಕೊಳ್ಳಿ. ಲಕೋಟೆ ಒಡೆಯುವುದು, ಮೊಹರು ಒತ್ತುವುದು, ಸಂಖ್ಯೆ ಕೊಟ್ಟು ವಹಿಯಲ್ಲಿ ಅಥವಾ ಕಂಪ್ಯೂಟರಿನಲ್ಲಿ ದಾಖಲಿಸುವುದು, ಶಾಖೆವಾರು ವಿಂಗಡಿಸುವುದು, ಹಂಚುವುದು, ಹೊರಹೋಗುವ ಪತ್ರ ಮಡಿಚಿ ಲಕೋಟೆಗೆ ಹಾಕಿ ಅಂಟಿಸುವುದು. ಎರಡು ಕೈ ಬೇಡುವ ಜಾಗ ಮೂರೇ: ಒಡೆಯುವುದು, ಮಡಿಚಿ ತುಂಬುವುದು, ಕಟ್ಟು ಹೊತ್ತು ಹಂಚುವುದು. ರಬ್ಬರ್ ಹಾಸಿನ ಮೇಲೆ ಲಕೋಟೆ ಇಟ್ಟು, ಮೇಲೊಂದು ಭಾರ ಹೇರಿದರೆ ಒಡೆಯುವ ಕೆಲಸ ಒಂದೇ ಕೈಯಲ್ಲಿ ಆಗುತ್ತದೆ. ಹಂಚಲು ಚಕ್ರದ ಟ್ರಾಲಿ ಸಾಕು. ಮಡಿಚಿ ತುಂಬುವುದು ನಿಧಾನ. ದಿನಕ್ಕೆ ಇಪ್ಪತ್ತು ಪತ್ರವಾದರೆ ಮಾಡಬಹುದು, ಇನ್ನೂರಾದರೆ ಅದನ್ನು ಪಕ್ಕದವರಿಗೆ ಬಿಟ್ಟು ಅವರ ದಾಖಲಾತಿಯ ಕೆಲಸವನ್ನು ನೀವು ತೆಗೆದುಕೊಳ್ಳಬೇಕು. ಇ-ಆಫೀಸ್ (ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ವ್ಯವಸ್ಥೆ) ನಿಜವಾಗಿಯೂ ಬಳಕೆಯಲ್ಲಿರುವ ಕಚೇರಿಯಲ್ಲಿ ಈ ಕಾಗದದ ಹೊರೆ ಬಹಳ ಇಳಿಯುತ್ತದೆ. ಎರಡು ಜಾಗದಲ್ಲಿ ಆಯ್ಕೆಗೆ ಅವಕಾಶ ಸಿಕ್ಕಿದರೆ ಇದನ್ನೇ ಮೊದಲು ಕೇಳಿ.

ಇದೇ ಅಳತೆಗೋಲಿನಲ್ಲಿ ಬೇರೆ ಸಹಾಯಕ ಕೆಲಸಗಳನ್ನು ನೋಡೋಣ. ಆಸ್ಪತ್ರೆಯ ಹೊರರೋಗಿ ನೋಂದಣಿ, ವಿಮೆಯ ಮೇಜು, ಲ್ಯಾಬಿನಲ್ಲಿ ಮಾದರಿ ದಾಖಲಿಸಿ ಬಾರ್‌ಕೋಡ್ ಅಂಟಿಸುವ ಜಾಗ, ಸಿಸಿಟಿವಿ ಕೊಠಡಿ, ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ದಾಸ್ತಾನು ಪರಿಶೀಲಿಸುವುದು, ಗ್ರಾಮ ಒನ್ ಕೇಂದ್ರದ ಅರ್ಜಿ ತುಂಬುವ ಕೆಲಸ ಇವೆಲ್ಲ ಒಗ್ಗುತ್ತವೆ. ಅದೇ ಲ್ಯಾಬಿನ ಒಳಗೆ ಟ್ಯೂಬಿನ ಮುಚ್ಚಳ ತೆಗೆಯುವುದು, ಪಿಪೆಟ್ ಹಿಡಿಯುವುದು ಬಂದರೆ ಬೇಡ. ಅಲ್ಲಿ ಕೈ ಜಾರಿದರೆ ಸೋಂಕಿನ ಅಪಾಯವಿದೆ. ಗ್ರಂಥಾಲಯ ಸಹಾಯಕ ಹುದ್ದೆಯಲ್ಲಿ ಪುಸ್ತಕ ಕೊಡುವ-ಪಡೆಯುವ ಕೌಂಟರ್ ಚೆನ್ನಾಗಿ ನಡೆಯುತ್ತದೆ. ಏಣಿ ಹತ್ತಿ ಕಪಾಟಿಗೆ ಪುಸ್ತಕ ಜೋಡಿಸುವುದು ನಡೆಯುವುದಿಲ್ಲ, ಏಕೆಂದರೆ ಏಣಿ ಹಿಡಿಯಲು ಒಂದು ಕೈ, ಪುಸ್ತಕಕ್ಕೆ ಇನ್ನೊಂದು ಬೇಕು. ಮೆಡಿಕಲ್ ಶಾಪಿನಲ್ಲಿ ಬಿಲ್ಲಿಂಗ್ ಸರಿ, ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕುವುದು ಕಷ್ಟ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವವರೇ ಚೀಲಕ್ಕೂ ತುಂಬಬೇಕೇ ಎಂದು ವಿಚಾರಿಸಿ, ಉತ್ತರ ಅಲ್ಲೇ ಸಿಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಬಿಟ್ಟರೂ ಲೈನಿನ ಲೆಕ್ಕ ಬರೆಯುವ ರೈಟರ್ ಕೆಲಸ, ಸ್ಟೋರ್ಸ್‌ನ ದಾಖಲೆ ಕೆಲಸ ಇರುತ್ತವೆ. ಆದರೆ ಅವನ್ನು ಹೊರಗೆ ಜಾಹೀರಾತು ಮಾಡುವುದು ಕಡಿಮೆ, ಒಳಗಿನವರ ಮೂಲಕವೇ ಗೊತ್ತಾಗಬೇಕು.

ಬಿಸಿಯೂಟದ ಅಡುಗೆ ಸಹಾಯಕರು, ಅಂಗನವಾಡಿ ಸಹಾಯಕಿ ಹುದ್ದೆಗಳ ಬಗ್ಗೆ ನೇರವಾಗಿಯೇ ಹೇಳಬೇಕು. ಕುದಿಯುವ ಸಾಂಬಾರಿನ ಪಾತ್ರೆ ಇಳಿಸುವುದು, ಓಡುವ ಮಗುವನ್ನು ಎತ್ತಿಕೊಳ್ಳುವುದು ಅಲ್ಲಿನ ದಿನನಿತ್ಯದ ಕೆಲಸ. ಇವನ್ನು ಹಂಚಿಕೊಳ್ಳಲು ಇನ್ನೊಬ್ಬರು ಖಾಯಂ ಇಲ್ಲದಿದ್ದರೆ ಸಂಬಳಕ್ಕಾಗಿ ಒಪ್ಪಿಕೊಳ್ಳುವುದು ಬೇಡ.

ಹಳ್ಳಿಯಲ್ಲೇ ಇರುವವರು ಗಮನಿಸಬೇಕಾದ ಒಂದು ಅವಕಾಶವಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಈ ಸ್ಥಾನಗಳಿಗೆ ವಿಕಲಚೇತನರನ್ನೇ ತೆಗೆದುಕೊಳ್ಳುತ್ತಾರೆ. ಕೊಡುವುದು ಗೌರವಧನ, ವೇತನವಲ್ಲ. ಮನೆ ನಡೆಸಲು ಅದೊಂದೇ ಸಾಲದು. ಆದರೆ ಅರ್ಜಿ, ಪ್ರಮಾಣಪತ್ರ, ಯೋಜನೆಗಳ ಕೆಲಸ ಕೈಗೆ ಹತ್ತುತ್ತದೆ, ಕಚೇರಿಗಳ ಪರಿಚಯವಾಗುತ್ತದೆ. ಪರೀಕ್ಷೆಗೆ ಓದುತ್ತಿರುವವರಿಗೆ ಇದು ಒಳ್ಳೆಯ ನಡುಗಾಲದ ಕೆಲಸ.

ಪ್ರಮಾಣಪತ್ರದಲ್ಲಿ ಎಡವುವ ಜಾಗಗಳು

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸರ್ಕಾರಿ ನೇಮಕಾತಿಯಲ್ಲಿ ಕನಿಷ್ಠ ಶೇ 4 ಮೀಸಲಾತಿ, ಅದರಲ್ಲಿ ಶೇ 1 ಚಲನವಲನದ ಅಂಗವೈಕಲ್ಯದ ಗುಂಪಿಗೆ. ಮೀಸಲಾತಿ ಸಿಗಲು ವೈಕಲ್ಯದ ಪ್ರಮಾಣ ಕನಿಷ್ಠ ಶೇ 40 ಇರಬೇಕು. ವೈಕಲ್ಯ ಅಳೆಯುವ ಮಾರ್ಗಸೂಚಿಯ ಪ್ರಕಾರ ಮಣಿಕಟ್ಟಿನಲ್ಲಿ ಕೈ ಹೋದರೆ ಶೇ 60, ಮೊಣಕೈಯಲ್ಲಿ ಶೇ 75, ಅದಕ್ಕೂ ಮೇಲೆ ಹೋದಂತೆ ಇನ್ನೂ ಹೆಚ್ಚು. ಹೆಬ್ಬೆರಳು ಬುಡಸಮೇತ ಹೋದರೂ ಶೇ 30 ಮಾತ್ರ. ಅಂದರೆ ಹೆಬ್ಬೆರಳೊಂದನ್ನೇ ಕಳೆದುಕೊಂಡವರು ಕೈಯ ಹಿಡಿತವನ್ನೇ ಕಳೆದುಕೊಂಡಿದ್ದರೂ ಮೀಸಲಾತಿಯ ಗೆರೆಗೆ ಮುಟ್ಟದೆ ಹೋಗಬಹುದು. ಉಳಿದ ಬೆರಳುಗಳ ಚಲನೆ, ಸ್ಪರ್ಶ, ಹಿಡಿತದ ಬಲ ಇವನ್ನೆಲ್ಲ ಅಳೆದು ಸೇರಿಸಿದ್ದಾರೆಯೇ ಎಂದು ವೈದ್ಯಕೀಯ ಮಂಡಳಿಯಲ್ಲೇ ಕೇಳಿ. ಮನೆಗೆ ಬಂದ ಮೇಲೆ ಕೇಳಿದರೆ ಮತ್ತೆ ಮೇಲ್ಮನವಿ, ಮತ್ತೆ ತಿಂಗಳುಗಳು.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ ಬೆರಳು ಅಥವಾ ಕೈ ಹೋದವರು ಇನ್ನೊಂದನ್ನು ತಿಳಿದಿರಬೇಕು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವೈದ್ಯಕೀಯ ಮಂಡಳಿ ಹೇಳುವ ಶೇಕಡಾವಾರು ದುಡಿಮೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದರ ಲೆಕ್ಕ. ಅದು ಅಂಗವೈಕಲ್ಯ ಪ್ರಮಾಣಪತ್ರವಲ್ಲ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ಜತೆಗೆ, ಇಎಸ್‌ಐನ ಶಾಶ್ವತ ಅಂಗವೈಕಲ್ಯದ ಮಾಸಿಕ ಹಣ ಹೊಸ ಕೆಲಸಕ್ಕೆ ಸೇರಿದರೆ ನಿಂತುಹೋಗುತ್ತದೆ ಎಂದು ಹೆದರಿ ಕೆಲಸ ಹುಡುಕದೆ ಕೂತವರಿದ್ದಾರೆ. ಆ ಹೆದರಿಕೆ ಬೇಡ. ಕೆಲಸಕ್ಕೆ ಸೇರಿ ಸಂಬಳ ಪಡೆದರೂ ಅದು ಮುಂದುವರಿಯುತ್ತದೆ.

ಪ್ರಮಾಣಪತ್ರದಲ್ಲಿ ಶೇಕಡಾವಾರಿನಷ್ಟೇ ಮುಖ್ಯ ಯಾವ ಅಂಗ ಎಂಬ ಬರಹ. ನೇಮಕಾತಿ ಅಧಿಸೂಚನೆಗಳಲ್ಲಿ ‘ಓಎ’ ಎಂದರೆ ಒಂದು ತೋಳು, ‘ಓಎಲ್’ ಒಂದು ಕಾಲು, ‘ಓಎಎಲ್’ ಒಂದು ತೋಳು ಮತ್ತು ಒಂದು ಕಾಲು, ‘ಬಿಎ’ ಎರಡೂ ತೋಳು. ಪಾರ್ಶ್ವವಾಯುವಿನಿಂದ ಕೈಕಾಲು ಎರಡೂ ಬಲಹೀನವಾದವರು ಅರ್ಜಿಯಲ್ಲಿ ಓಎ ಎಂದು ತುಂಬಿ, ಪ್ರಮಾಣಪತ್ರದಲ್ಲಿ ಓಎಎಲ್ ಇದ್ದರೆ ದಾಖಲೆ ಪರಿಶೀಲನೆಯಲ್ಲಿ ಹೊರಬೀಳುವ ಅಪಾಯವಿದೆ. ಎರಡೂ ಒಂದೇ ಆಗಿರಲಿ, ಮತ್ತು ಅರ್ಜಿಯ ಕೊನೆಯ ದಿನಕ್ಕಿಂತ ಮುಂಚಿನ ತಾರೀಖಿನ ಪ್ರಮಾಣಪತ್ರ ಕೈಯಲ್ಲಿರಲಿ.

ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಅಂಗವಿಕಲರಿಗೆ ಸೂಕ್ತವೆಂದು 3,566 ಹುದ್ದೆಗಳನ್ನು ಗುರುತಿಸಿ ಪ್ರಕಟಿಸಿತು. ಅದರಲ್ಲಿ 1,724 ಸಿ ಗುಂಪಿನವು. ಸಹಾಯಕ, ಗುಮಾಸ್ತರ ಹುದ್ದೆಗಳನ್ನು ಹುಡುಕಬೇಕಾದದ್ದು ಅಲ್ಲೇ. ಪ್ರತಿ ಹುದ್ದೆಯ ಎದುರು ಎರಡು ಬಗೆಯ ಸಂಕೇತಗಳಿರುತ್ತವೆ: ಕೆಲಸಕ್ಕೆ ಬೇಕಾದ ದೈಹಿಕ ಚಟುವಟಿಕೆ ಮತ್ತು ಅದಕ್ಕೆ ಅರ್ಹವಾದ ವೈಕಲ್ಯದ ಬಗೆ. ‘ಎಂಎಫ್’ ಎಂದರೆ ಬೆರಳುಗಳಿಂದ ಮಾಡುವ ಕೆಲಸ. ಇದನ್ನು ನೋಡಿದ ಕೂಡಲೇ ಇದು ನಮಗಲ್ಲ ಎಂದು ಹಾಳೆ ತಿರುಗಿಸುವವರು ಬಹಳ. ಪಕ್ಕದ ಅಂಕಣದಲ್ಲಿ ಓಎ ಇದ್ದರೆ, ಒಂದು ಕೈಯ ಬೆರಳುಗಳೇ ಆ ಹುದ್ದೆಗೆ ಸಾಕು ಎಂದು ಸರ್ಕಾರವೇ ಒಪ್ಪಿಕೊಂಡಿದೆ ಎಂದರ್ಥ. ನಿಜವಾಗಿ ಎರಡು ಸಲ ಯೋಚಿಸಬೇಕಾದವು ‘ಎಲ್’ (ಎತ್ತುವುದು) ಮತ್ತು ‘ಪಿಪಿ’ (ಎಳೆಯುವುದು, ತಳ್ಳುವುದು).

ಪರೀಕ್ಷೆ ಮತ್ತು ಟೈಪಿಂಗ್

ರಾಜ್ಯದಲ್ಲಿ ಸಹಾಯಕ ಎಂದ ಕೂಡಲೇ ನೆನಪಾಗುವುದು ಎಫ್‌ಡಿಎ, ಎಸ್‌ಡಿಎ. ಪ್ರಥಮ ದರ್ಜೆಗೆ ಪದವಿ, ದ್ವಿತೀಯ ದರ್ಜೆಗೆ ಪಿಯುಸಿ. ಎರಡಕ್ಕೂ ಆಯ್ಕೆಯ ಹಂತದಲ್ಲಿ ಬೆರಳಚ್ಚು ಪರೀಕ್ಷೆ ಇಲ್ಲ ಎಂಬುದು ಒಂದು ಕೈಯವರಿಗೆ ದೊಡ್ಡ ಅನುಕೂಲ. ಬೆರಳಚ್ಚುಗಾರರ ಹುದ್ದೆಗೆ ಬೆರಳಚ್ಚು ಪರೀಕ್ಷೆ ಪಾಸಾಗಿರಲೇಬೇಕು. ಹೆಸರು ಹತ್ತಿರ ಹತ್ತಿರ ಇದ್ದರೂ ಹಾದಿ ಬೇರೆ. ಸೇರಿದ ಮೇಲೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ, ಅದಕ್ಕೆ ಈಗಿನಿಂದಲೇ ತಯಾರಾಗಿ. ಅಂಗವಿಕಲರಿಗೆ ರಾಜ್ಯದ ನೇಮಕಾತಿಯಲ್ಲಿ ವಯೋಮಿತಿಯ ಸಡಿಲಿಕೆ 10 ವರ್ಷ.

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪಿಯುಸಿ ಮಟ್ಟದ ಹುದ್ದೆಗಳಿಗೆ ನಡೆಸುವ ಸಿಎಚ್‌ಎಸ್‌ಎಲ್ ಪರೀಕ್ಷೆಯಲ್ಲಿ ಗುಮಾಸ್ತರ ಹುದ್ದೆಗೆ ನಿಮಿಷಕ್ಕೆ 35 ಇಂಗ್ಲಿಷ್ ಪದಗಳ ಟೈಪಿಂಗ್ ಪರೀಕ್ಷೆ ಇದೆ. ಕೈಯ ವೈಕಲ್ಯದಿಂದ ಟೈಪ್ ಮಾಡಲು ಶಾಶ್ವತವಾಗಿ ಆಗದು ಎಂದು ಸಕ್ಷಮ ವೈದ್ಯಾಧಿಕಾರಿ ಕೊಟ್ಟ ಪ್ರಮಾಣಪತ್ರ ಇದ್ದರೆ ವಿನಾಯಿತಿ ಕೇಳಬಹುದು. ನಮೂನೆ ಅಧಿಸೂಚನೆಯ ಕೊನೆಯ ಅನುಬಂಧಗಳಲ್ಲಿರುತ್ತದೆ. ಡೇಟಾ ಎಂಟ್ರಿ ಆಪರೇಟರ್ ಹುದ್ದೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಲಿಪಿಕಾರರ (ಅಭ್ಯರ್ಥಿ ಹೇಳಿದ ಉತ್ತರ ಬರೆದುಕೊಡುವವರ) ಸಹಾಯ, ಹೆಚ್ಚುವರಿ ಸಮಯದ ವಿಷಯದಲ್ಲಿ ಒಂದು ಕೈಯವರು ಮೋಸಹೋಗುವುದು ಹೀಗೆ: 2018ರ ಆಗಸ್ಟಿನ ಕೇಂದ್ರ ಮಾರ್ಗಸೂಚಿಯಲ್ಲಿ ದೃಷ್ಟಿಹೀನರು, ಎರಡೂ ತೋಳು ಬಾಧಿತರು, ಸೆರೆಬ್ರಲ್ ಪಾಲ್ಸಿ (ಹುಟ್ಟಿನ ಆಸುಪಾಸಿನ ಮಿದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಇರುವವರು ಕೇಳಿದರೆ ಸಾಕು, ಲಿಪಿಕಾರರನ್ನು ಕೊಡಬೇಕು. ಒಂದು ತೋಳು ಬಾಧಿತರಿಗೆ ಹಾಗಲ್ಲ. ಬರೆಯುವುದಕ್ಕೆ ದೈಹಿಕ ಮಿತಿ ಇದೆ ಎಂದು ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಂಥ ಅಧಿಕಾರಿಯಿಂದ ನಿಗದಿತ ನಮೂನೆಯಲ್ಲಿ ಪ್ರತ್ಯೇಕ ಪ್ರಮಾಣಪತ್ರ ತರಬೇಕು. ಯುಡಿಐಡಿ ಕಾರ್ಡ್ ಒಂದನ್ನೇ ತೋರಿಸಿದರೆ ಪರೀಕ್ಷಾ ಕೇಂದ್ರದಲ್ಲಿ ಒಪ್ಪುವುದಿಲ್ಲ. ಅರ್ಹತೆ ಸಿಕ್ಕರೆ ಗಂಟೆಗೆ 20 ನಿಮಿಷದಂತೆ ಸಮಯ ಹೆಚ್ಚುತ್ತದೆ: ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬಲಗೈ ಕಳೆದುಕೊಂಡು ಎಡಗೈಯಲ್ಲಿ ಹೊಸದಾಗಿ ಬರೆಯುತ್ತಿರುವವರಿಗೆ ಈ ಪ್ರಮಾಣಪತ್ರ ಸಂಪೂರ್ಣ ನ್ಯಾಯವಾದದ್ದು, ಸಂಕೋಚ ಬೇಡ. ಅರ್ಜಿ ತುಂಬುವಾಗಲೇ ‘ಲಿಪಿಕಾರ ಬೇಕು’ ಎಂದು ಗುರುತಿಸದಿದ್ದರೆ ಆಮೇಲೆ ಸೇರಿಸುವುದು ಕಷ್ಟ.

ಇನ್ನು ಒಂದು ಕೈಯ ಟೈಪಿಂಗ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕನ್ನಡದ ಟೈಪಿಂಗಿಗೆ ಇಂಗ್ಲಿಷಿಗಿಂತ ಹೆಚ್ಚು ಸಲ ಶಿಫ್ಟ್ ಬೇಕು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ದೀರ್ಘ ಸ್ವರ, ಮಹಾಪ್ರಾಣ, ಣ, ಳ, ಶ, ಅರ್ಕಾವತ್ತು ಎಲ್ಲಕ್ಕೂ ಶಿಫ್ಟ್. ಎರಡು ಕೀ ಒಟ್ಟಿಗೆ ಒತ್ತುವ ಈ ಕಷ್ಟಕ್ಕೆ ಪರಿಹಾರ ವಿಂಡೋಸ್‌ನ ಸ್ಟಿಕಿ ಕೀಸ್. ಶಿಫ್ಟ್ ಅನ್ನು ಸತತ ಐದು ಸಲ ಒತ್ತಿ, ಬರುವ ಪ್ರಶ್ನೆಗೆ ಹೌದು ಎನ್ನಿ. ಆಮೇಲೆ ಶಿಫ್ಟ್ ಒಂದು ಸಲ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರೆ ಸಾಕು. ಎರಡು ಸಂಗತಿ ಇಲ್ಲಿ ಕೆಡುತ್ತವೆ. ಶಿಫ್ಟ್ ಅನ್ನು ಎರಡು ಸಲ ಒತ್ತಿಬಿಟ್ಟರೆ ಅದು ಲಾಕ್ ಆಗಿ ಕ ಬದಲು ಖ, ಗ ಬದಲು ಘ ಬರತೊಡಗುತ್ತದೆ. ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಹಾಗೆಯೇ, ಶಿಫ್ಟ್ ಜತೆ ಇನ್ನೊಂದು ಕೀ ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ತಾನಾಗಿಯೇ ಆರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯ ಗುರುತು ತೆಗೆದುಬಿಡಿ. ಕಚೇರಿಯಲ್ಲಿರುವ ನುಡಿ ಆವೃತ್ತಿಯ ಜತೆ ಇದು ಸರಿಯಾಗಿ ನಡೆಯುತ್ತದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಕೈ ಇಡುವ ಜಾಗ ಎಫ್, ಜಿ, ಎಚ್, ಜೆ ಕೀಗಳ ಮೇಲೆ. ಬಲಗೈಯಾದರೆ ತೋರುಬೆರಳು ಎಫ್ ಮೇಲೆ, ಎಡಗೈಯಾದರೆ ಕಿರುಬೆರಳು. ಅಲ್ಲಿಂದ ಕೀಬೋರ್ಡಿನ ಎರಡೂ ತುದಿಗೆ ಸಮಾನ ದೂರ. ಕನ್ನಡದಲ್ಲಿ ಇನ್ನೊಂದು ಲಾಭವಿದೆ: ಒತ್ತಕ್ಷರ ಕೂಡಿಸುವ ಎಫ್ ಕೀ ಕೈ ಕೆಳಗೇ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ ಇರುವುದರಿಂದ ಎರಡು ಕೈಯವರಿಗೆ ಅದು ವೇಗ ಕೊಡುತ್ತದೆ, ಒಂದು ಕೈ ಮಾತ್ರ ಮಗ್ಗದ ಲಾಳಿಯ ಹಾಗೆ ಆಚೆ ಈಚೆ ಓಡುತ್ತಲೇ ಇರಬೇಕಾಗುತ್ತದೆ. ಇಂಗ್ಲಿಷಿಗಾಗಿ ವಿಂಡೋಸ್‌ನಲ್ಲಿ ಒಂದೇ ಕೈಯ ಡ್ವೊರಾಕ್ ವಿನ್ಯಾಸಗಳಿವೆ. ಕಚೇರಿ ಕೆಲಸಕ್ಕೆ ಅವನ್ನು ನಾವು ಶಿಫಾರಸು ಮಾಡುವುದಿಲ್ಲ. ಹಲವರು ಬಳಸುವ ಕಂಪ್ಯೂಟರಿನಲ್ಲಿ, ಪರೀಕ್ಷಾ ಕೇಂದ್ರದಲ್ಲಿ ಅವು ಇರುವುದಿಲ್ಲ, ಕನ್ನಡಕ್ಕೆ ಮತ್ತೆ ಹಳೆಯ ವಿನ್ಯಾಸಕ್ಕೇ ಮರಳಬೇಕು.

ದಿನಕ್ಕೆ ಎರಡು ಸಲ, ಸಲಕ್ಕೆ 20 ನಿಮಿಷ ಅಭ್ಯಾಸ ಮಾಡಿ. ಒಂದೇ ಸಮನೆ ಒಂದು ಗಂಟೆ ಕೂರುವುದಕ್ಕಿಂತ ಇದು ಕೈಗೂ ಒಳ್ಳೆಯದು, ನೆನಪಿಗೂ ಒಳ್ಳೆಯದು. ಸಂಖ್ಯೆಯ ಕೀಗಳಿಲ್ಲದ ಚಿಕ್ಕ ಕೀಬೋರ್ಡ್ ಕೊಂಡರೆ ಮೌಸ್ ಹತ್ತಿರ ಬರುತ್ತದೆ. ಲೆಕ್ಕಪತ್ರದ ಕೆಲಸವಾದರೆ ಪ್ರತ್ಯೇಕ ನಂಬರ್ ಪ್ಯಾಡ್ ಇಟ್ಟುಕೊಳ್ಳಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಂಥ ಪದೇಪದೇ ಬರುವ ಸಾಲುಗಳನ್ನು ವರ್ಡ್‌ನ ಆಟೋಕರೆಕ್ಟ್‌ನಲ್ಲಿ ಎರಡಕ್ಷರದ ಸಂಕೇತಕ್ಕೆ ಜೋಡಿಸಿದರೆ ಪತ್ರವ್ಯವಹಾರದಲ್ಲಿ ವೇಗದ ಕೊರತೆ ಬಹುಪಾಲು ನೀಗುತ್ತದೆ. ಗೂಗಲ್ ಡಾಕ್ಸ್‌ನ ಕನ್ನಡ ಧ್ವನಿ ಟೈಪಿಂಗ್ ಮೊದಲ ಕರಡಿಗೆ ಚೆನ್ನ. ಹೆಸರು, ಸರ್ವೆ ನಂಬರ್, ತಾರೀಖು ಮಾತ್ರ ಕೈಯಲ್ಲೇ ತಿದ್ದಬೇಕು. ಗುಟ್ಟಿನ ಕಡತಗಳಿಗೆ ಬೇಡ.

ಮೇಜಿನ ಮೇಲೆ

ಕಾಗದ ಜಾರುವುದೇ ಮೊದಲ ಶತ್ರು. ಅಡುಗೆಮನೆಯ ಕಪಾಟಿಗೆ ಹಾಸುವ ರಬ್ಬರ್ ಜಾಲರಿ ಹಾಳೆಯನ್ನು 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ ಕತ್ತರಿಸಿ ಮೇಜಿನ ಮೇಲೆ ಹಾಸಿ. ಅದರ ಮೇಲೆ ವಹಿ, ಸ್ಕೇಲು, ಲಕೋಟೆ ಯಾವುದೂ ಜರುಗುವುದಿಲ್ಲ. ಪಂಚಿಂಗ್ ಯಂತ್ರವನ್ನು ಹಾರ್ಡ್‌ವೇರ್ ಅಂಗಡಿಯ ಸಿ-ಕ್ಲಾಂಪ್‌ನಿಂದ ಮೇಜಿನ ಅಂಚಿಗೆ ಬಿಗಿಯಿರಿ. ಬ್ಯಾಟರಿಯ ಸ್ಟೇಪ್ಲರ್‌ಗೆ ಕಾಗದ ತೂರಿಸಿದರೆ ಸಾಕು. ಶಾಯಿ ತನ್ನೊಳಗೇ ಇರುವ ಮೊಹರು ತರಿಸಿ, ಪ್ಯಾಡಿನ ಡಬ್ಬಿ ತೆರೆಯುವ ರಗಳೆ ತಪ್ಪುತ್ತದೆ. ಕಡತಕ್ಕೆ ಟ್ಯಾಗ್ ಪೋಣಿಸಲು ಕಡತವನ್ನು ಮೇಜಿನ ಅಂಚಿನಿಂದ ಎರಡು ಅಂಗುಲ ಹೊರಚಾಚಿ, ಮೇಲೆ ಭಾರ ಇಟ್ಟು, ಟ್ಯಾಗಿನ ಲೋಹದ ತುದಿಯನ್ನು ಮೇಲಿಂದ ಇಳಿಸಿ ಕೆಳಗಿನಿಂದ ಎಳೆದುಕೊಳ್ಳಿ. ತುದಿಯಲ್ಲಿ ಅಡ್ಡಕಡ್ಡಿ ಇರುವ ಟ್ಯಾಗ್ ಆದರೆ ಗಂಟು ಹಾಕುವ ಕೆಲಸವೂ ಇಲ್ಲ. ಫೋನಿಗೆ ಹೆಡ್‌ಸೆಟ್ ಕೇಳಿ ಪಡೆಯಿರಿ. ಕತ್ತು ಮತ್ತು ಭುಜದ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಬರೆಯುವ ಅಭ್ಯಾಸ ಕತ್ತುನೋವು ತರಬಹುದು.

ಒಳ್ಳೆಯ ಕೈಯನ್ನು ಕಾಪಾಡಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡದು. ಎರಡು ಕೈಯ ದುಡಿಮೆಯನ್ನು ಒಂದೇ ಮಾಡುವಾಗ ಮಣಿಕಟ್ಟು, ಹೆಬ್ಬೆರಳಿನ ಬುಡ, ಭುಜ ಸವೆಯುತ್ತವೆ. ಅರ್ಧ ಗಂಟೆಗೊಮ್ಮೆ ಕೈ ಇಳಿಬಿಡಿ. ಟೈಪಿಂಗ್ ಆದ ಮೇಲೆ ವಿಂಗಡಣೆ, ವಿಂಗಡಣೆಯ ನಂತರ ಫೋನ್, ಹೀಗೆ ಕೆಲಸ ಬದಲಿಸಿಕೊಳ್ಳಿ. ರಾತ್ರಿ ಬೆರಳು ಮರಗಟ್ಟಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.

ಖಾಸಗಿಯಲ್ಲಿ ಹುಡುಕುವುದು, ಕೇಳುವುದು

ಎನ್‌ಸಿಎಸ್ (ರಾಷ್ಟ್ರೀಯ ವೃತ್ತಿ ಸೇವೆ) ಜಾಲತಾಣದಲ್ಲಿ ಮತ್ತು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ನೋಂದಣಿಗೆ ಹಣವಿಲ್ಲ. ಬೆಂಗಳೂರಿನಲ್ಲಿ ಅಂಗವಿಕಲರಿಗೇ ಮೀಸಲಾದ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವಿದೆ. ಎನೇಬಲ್ ಇಂಡಿಯಾ, ಸಮರ್ಥನಂ, 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಗಳು ತರಬೇತಿ ಕೊಟ್ಟು ಕಂಪನಿಗಳಿಗೆ ಜೋಡಿಸುತ್ತವೆ. ಮನೆಯಲ್ಲೇ ಕೂತು ಡೇಟಾ ಎಂಟ್ರಿ ಮಾಡಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಪ್ಪಿಗೆ ದಂಡ ಎಂಬ ಷರತ್ತಿನ ಕರಾರಿಗೆ ಸಹಿ ಹಾಕಿಸಿ, ಆಮೇಲೆ ವಕೀಲರ ನೋಟಿಸ್ ಹೆಸರಿನಲ್ಲಿ ಹೆದರಿಸಿ ಸುಲಿಯುವ ಜಾಲ ಇದು. ಮನೆಯಿಂದಾಚೆ ಹೋಗಲು ಕಷ್ಟವಿರುವವರೇ ಇದಕ್ಕೆ ಹೆಚ್ಚು ಸಿಗುತ್ತಾರೆ.

ಸಂದರ್ಶನದಲ್ಲಿ ಕೈಯ ಮಾತು ಅವರು ಎತ್ತುವವರೆಗೆ ಕಾಯಬೇಡಿ. ‘ನಾನು ಎಡಗೈಯಲ್ಲಿ ನಿಮಿಷಕ್ಕೆ ಇಷ್ಟು ಪದ ಟೈಪ್ ಮಾಡುತ್ತೇನೆ, ಬೇಕಾದರೆ ಈಗಲೇ ತೋರಿಸುತ್ತೇನೆ; ಬಂಡಲ್ ಎತ್ತಲು ಟ್ರಾಲಿ ಬೇಕು’ ಎಂದು ಎರಡು ಮಾತಿನಲ್ಲಿ ಮುಗಿಸಿ. ಅಂದಾಜಿನಲ್ಲಿ ಬೇಡ ಎನ್ನುವವರು ಕಣ್ಣಾರೆ ನೋಡಿದ ಮೇಲೆ ಒಪ್ಪುವುದುಂಟು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ತನ್ನ ಸಮಾನ ಅವಕಾಶ ನೀತಿಯಲ್ಲಿ ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿಯನ್ನೂ ಕೊಡುವ ಸೌಲಭ್ಯಗಳನ್ನೂ ಬರೆದಿರಬೇಕು. ಆ ನೀತಿಯ ಪ್ರತಿ ಕೇಳಿ. ಬಹಳ ಕಡೆ ಕೇಳಿದ ಮೇಲೆಯೇ ಅದನ್ನು ಹುಡುಕುತ್ತಾರೆ.

ಈಗಾಗಲೇ ಸರ್ಕಾರಿ ಕೆಲಸದಲ್ಲಿದ್ದು ಕೈ ಕಳೆದುಕೊಂಡವರ ವಿಷಯ ಬೇರೆ. ಸಾರಿಗೆ ನಿಗಮದ ಚಾಲಕರಿರಲಿ, ವಿದ್ಯುತ್ ಕಂಪನಿಯ ಲೈನ್‌ಮನ್ ಇರಲಿ, ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ 4ನೇ ಉಪಕಲಮಿನಂತೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯಲ್ಲಿ ಕಚೇರಿ ಸಹಾಯಕರಂಥ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿರುವಾಗ ಯಾರಾದರೂ ಸ್ವಯಂನಿವೃತ್ತಿಯ ಕಾಗದ ತಂದರೆ ಸಹಿ ಹಾಕಬೇಡಿ. ವೈದ್ಯಕೀಯ ಮಂಡಳಿಯ ವರದಿ ಬಂದ ಮೇಲೆ ಈ ಕಲಮನ್ನು ಉಲ್ಲೇಖಿಸಿ ಪರ್ಯಾಯ ಹುದ್ದೆ ಕೋರಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿಯನ್ನು ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಅಥವಾ ತಿರಸ್ಕರಿಸಿದರೆ ಆ ಪ್ರತಿ, ವೈದ್ಯಕೀಯ ವರದಿ, ಕೊನೆಯ ವೇತನ ಚೀಟಿ ಮೂರನ್ನೂ ಲಗತ್ತಿಸಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅದಕ್ಕೆ ವಕೀಲರು ಬೇಕೇಬೇಕೆಂದಿಲ್ಲ.